ಸೇವೆ ಮಾಡಿಯೂ ಮನಸ್ಸು ತುಂಬದೇ ಹೋದಾಗ

ಪ್ರಶ್ನೆ: ನನಗೆ 44 ವರ್ಷ. ಊರು ಉಡುಪಿ ಹತ್ತಿರ. ಈಗ ಹೆಂಡತಿ, ಇಬ್ಬರು ಮಕ್ಕಳ ಜತೆ ಬೆಂಗಳೂರಿನಲ್ಲಿದ್ದೇನೆ. ಚಿಕ್ಕಂದಿನಿಂದ ಕ್ರೈಸ್ತ ಸಭೆಯಲ್ಲೇ (ಚರ್ಚಿನಲ್ಲೇ) ಬೆಳೆದವನು. ಸಂಡೇ ಸ್ಕೂಲ್ ನಡೆಸುತ್ತೇನೆ, ಕಮಿಟಿಯಲ್ಲಿದ್ದೇನೆ. ಸುಗ್ಗಿ ಹಬ್ಬ ಬಂದರೆ ಏಲಂನಿಂದ ಊಟದವರೆಗೆ ಎಲ್ಲವೂ ನನ್ನ ತಲೆ ಮೇಲೆ. ಕಾರು ತೆಗೆದುಕೊಳ್ಳಲಿಲ್ಲ, ದೊಡ್ಡ ಮನೆ ಬೇಡ ಅಂದೆ. 'ಸಂತುಷ್ಟಿಸಹಿತವಾದ ಭಕ್ತಿಯು ದೊಡ್ಡ ಲಾಭ' ಎಂಬ ವಚನವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವವನು ನಾನೇ. ಆದರೆ ನನಗೇ ಆ ಸಂತುಷ್ಟಿ ಇಲ್ಲ. ನನ್ನ ಜತೆ ಯುವಕ ಸಂಘದಲ್ಲಿದ್ದವನೊಬ್ಬ ಕೆನಡಾದಿಂದ ಬಂದು ಸಭೆಗೆ ದೊಡ್ಡ ಕಾಣಿಕೆ ಕೊಟ್ಟ. ಅವನಿಗೆ ಶಾಲು ಹೊದಿಸಿದರು. ಅದೇ ವರ್ಷದ ವರದಿಯಲ್ಲಿ ಸಂಡೇ ಸ್ಕೂಲ್ ಬಗ್ಗೆ ಒಂದೇ ಸಾಲು. ನನ್ನ ಹೆಸರಿಲ್ಲ. ಅದು ವಾರಗಟ್ಟಲೆ ಕೊರೆಯಿತು. ಹಾಗೆ ಕೊರೆಯುತ್ತದಲ್ಲ ಎಂದು ನಾಚಿಕೆಯೂ ಆಯಿತು. ದೀನತೆ, ಸರಳತೆ, ಸೇವೆ ಮೂರೂ ಇದ್ದರೂ ತೃಪ್ತಿ ಯಾಕಿಲ್ಲ? ಎಲ್ಲ ಬಿಟ್ಟುಬಿಡಲೇ?

ಉತ್ತರ: ಮೊದಲು ಒಂದು ಮಾತು. ನೀವು ಬರೆದಿದ್ದು ಅಪರೂಪದ ನೋವಲ್ಲ. ಸಭೆಯ ಕೆಲಸಗಾರರು ಮನಸ್ಸು ಬಿಚ್ಚಿ ಮಾತಾಡಲು ಕೂತಾಗ ನಾನು ಅತಿ ಹೆಚ್ಚು ಕೇಳುವುದು ಇದನ್ನೇ. ದೇವರ ಮೇಲೆ ಅನುಮಾನ ಬಂತು ಎನ್ನುವವರು ಕಡಿಮೆ. ‘ಇಷ್ಟು ಮಾಡಿದೆ, ಯಾರೂ ಗುರುತಿಸಲಿಲ್ಲ’ ಎಂದು ಒಳಗೇ ಬೇಯುವವರು ಜಾಸ್ತಿ. ಗಾಯನ ವೃಂದದವರು, ಸ್ತ್ರೀಯರ ಸಂಘದ ಹಿರಿಯರು, ಸಭಾಪಾಲಕರ ಹೆಂಡತಿಯರು. ಹೇಳಿಕೊಳ್ಳಲು ನಾಚಿಕೆ, ಹಾಗಾಗಿ ಹೇಳುವುದಿಲ್ಲ. ನೀವು ಹೇಳಿದ್ದೀರಿ. ಒಳ್ಳೆಯದಾಯಿತು.

ಈಗ ನೇರವಾಗಿ ಉತ್ತರಕ್ಕೆ ಬರುತ್ತೇನೆ. ದೀನತೆ, ಸರಳತೆ, ಸೇವೆ, ಈ ಮೂರನ್ನೂ ನಾವು ಕೊಟ್ಟರೆ ದೇವರು ಬದಲಿಗೆ ತೃಪ್ತಿ ಕೊಡುತ್ತಾನೆ ಎಂದು ನೀವು ನಂಬಿದಂತಿದೆ. ನಿಮ್ಮ ಪ್ರಶ್ನೆಯ ಕೊನೆಯ ಭಾಗ ಹಾಗೇ ಇದೆ: ನನ್ನ ಪಾಲಿನದು ಕೊಟ್ಟಾಯಿತು, ನನಗೆ ಬರಬೇಕಾದ್ದು ಯಾಕೆ ಬರಲಿಲ್ಲ? ಇಂಥ ವ್ಯವಹಾರದ ಮಾತನ್ನು ಬೈಬಲ್ ಎಲ್ಲೂ ಕೊಟ್ಟಿಲ್ಲ. ಮನಸ್ಸಿನಲ್ಲಿ ಲೆಕ್ಕ ಇಟ್ಟುಕೊಂಡು ಮಾಡಿದ ಸೇವೆ ತೃಪ್ತಿ ಕೊಡುವುದಿಲ್ಲ. ಹಸಿವನ್ನು ಇನ್ನೂ ಹೆಚ್ಚಿಸುತ್ತದೆ. ಎಷ್ಟು ಮಾಡಿದರೆ ಅಷ್ಟು ಬಾಕಿ ಬೆಳೆಯುತ್ತದೆ.

ಲೂಕನ ಸುವಾರ್ತೆಯ 15ನೇ ಅಧ್ಯಾಯದ ದೊಡ್ಡ ಮಗನನ್ನು ನೆನಪು ಮಾಡಿಕೊಳ್ಳಿ. ಕಳೆದುಹೋದ ಕಿರಿಮಗನ ಮೇಲೆ ನಾವು ಎಷ್ಟೋ ಪ್ರಸಂಗ ಕೇಳಿದ್ದೇವೆ. ದೊಡ್ಡವನ ಸರದಿ ಬರುವಾಗ ಪ್ರಸಂಗ ಮುಗಿದಿರುತ್ತದೆ! ಆಸ್ತಿಯ ಪಾಲನ್ನು ಹಾಳುಮಾಡಿ ಮನೆಗೆ ಮರಳಿದ ತಮ್ಮನಿಗಾಗಿ ತಂದೆ ಹಬ್ಬ ಮಾಡಿಸಿದ್ದಾನೆ. ದೊಡ್ಡವನು ಹೊಲದಿಂದ ಬರುತ್ತಾನೆ. ಮನೆಯಲ್ಲಿ ವಾದ್ಯ, ನೃತ್ಯ. ಒಳಗೆ ಕಾಲಿಡಲು ಮನಸ್ಸಿಲ್ಲ. ತಂದೆಗೆ ಅವನು ಹೇಳುವುದು ಏನು? ಇಷ್ಟು ವರ್ಷ ನಿನಗೆ ಸೇವೆ ಮಾಡಿದೆ, ಒಂದು ಅಪ್ಪಣೆಯನ್ನೂ ಮೀರಲಿಲ್ಲ, ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ. ವರ್ಷ ಎಷ್ಟು, ಮೀರಿದ ಅಪ್ಪಣೆ ಎಷ್ಟು, ಸಿಕ್ಕ ಆಡು ಎಷ್ಟು, ಎಲ್ಲದರ ಲೆಕ್ಕ ಅವನ ಹತ್ತಿರ ಇದೆ. ತಂದೆ ಅವನನ್ನು ಗದರಿಸುವುದಿಲ್ಲ. ಲೆಕ್ಕ ತಪ್ಪು ಎಂದೂ ಹೇಳುವುದಿಲ್ಲ. ಮಗನೇ, ನೀನು ಯಾವಾಗಲೂ ನನ್ನ ಜತೆಗೇ ಇದ್ದೀಯಲ್ಲಾ, ನನ್ನದೆಲ್ಲ ನಿನ್ನದೇ ಅಲ್ವಾ, ಎನ್ನುತ್ತಾನೆ. ಇಷ್ಟು ವರ್ಷವೂ ಆ ಮಗ ತನ್ನದೇ ಮನೆಯಲ್ಲಿ ಕೂಲಿಯವನ ಹಾಗೆ ಬದುಕಿದ್ದ. ಅದು ಅವನಿಗೆ ಗೊತ್ತೇ ಇರಲಿಲ್ಲ.

ನಿಮ್ಮ ಕಷ್ಟದ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ. ನೀವು ಸೇವೆಯಲ್ಲಿ ಹಿಂದೆ ಬಿದ್ದವರಲ್ಲ. ಮಗನ ಸ್ಥಾನದಲ್ಲಿ ನಿಂತು ಮಾಡಬೇಕಾದ ಕೆಲಸವನ್ನು ಕೂಲಿಯ ಸ್ಥಾನದಲ್ಲಿ ನಿಂತು ಮಾಡುತ್ತಿದ್ದೀರಿ.

ತೃಪ್ತಿಯ ಬಗ್ಗೆ ಕಲಿಯಲು ನಾನು ಯಾವಾಗಲೂ ಜನರನ್ನು ಕಳಿಸುವುದು ಫಿಲಿಪ್ಪಿ ಊರಿನ ಸಭೆಯವರಿಗೆ ಅಪೊಸ್ತಲ ಪೌಲ ಬರೆದ ಪತ್ರಕ್ಕೆ. ಅದು ಬೈಬಲಿನಲ್ಲೇ ಇದೆ. ನಾಲ್ಕೇ ಅಧ್ಯಾಯ. ಒಂದೇ ಸಲ ಕೂತು ಓದಬಹುದು. ನಾವು ಅದರಿಂದ ಒಂದೊಂದೇ ವಚನ ಕಿತ್ತು ಕ್ಯಾಲೆಂಡರ್‌ನಲ್ಲಿ ಹಾಕಿಕೊಂಡಿದ್ದೇವೆ. ಪೂರ್ತಿ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಪೌಲ ಆಗ ಸೆರೆಯಲ್ಲಿದ್ದ. ಬಹುಶಃ ರೋಮ್‌ನಲ್ಲಿ, ಕ್ರಿ.ಶ. 60ರ ಆಸುಪಾಸು. ಆ ಕಾಲದ ಕೈದಿಗೆ ಊಟ, ಬಟ್ಟೆ ಕೊಂಡುಕೊಡಬೇಕಾದವರು ಅವನ ಸ್ನೇಹಿತರೇ. ಫಿಲಿಪ್ಪಿಯ ಸಭೆಯವರು ತಮ್ಮವನೇ ಆದ ಎಪಫ್ರೊದೀತನ ಕೈಯಲ್ಲಿ ಸಹಾಯ ಕಳಿಸಿದರು. ಅದಕ್ಕೆ ಕೃತಜ್ಞತೆ ಹೇಳುತ್ತಾ ಪೌಲ ಬರೆಯುತ್ತಾನೆ: ನಾನು ಇದ್ದ ಸ್ಥಿತಿಯಲ್ಲೇ ಸಂತುಷ್ಟನಾಗಿರುವುದನ್ನು ಕಲಿತುಕೊಂಡಿದ್ದೇನೆ. ಕಲಿತುಕೊಂಡಿದ್ದೇನೆ ಎನ್ನುತ್ತಾನೆ. ಹುಟ್ಟುಗುಣ ಎನ್ನುವುದಿಲ್ಲ. ದಮಸ್ಕದ ದಾರಿಯಲ್ಲಿ ಬೆಳಕು ಕಂಡು ಕ್ರಿಸ್ತನ ಕಡೆ ತಿರುಗಿದ ದಿನವೇ ಬಂತು ಎನ್ನುವುದೂ ಇಲ್ಲ. ಆ ಘಟನೆಯಾಗಿ ಆಗಲೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಆಗಿತ್ತು. ಅಷ್ಟರಲ್ಲಿ ಏಟು, ಹಡಗು ಒಡೆದದ್ದು, ಹಸಿವು, ಸ್ನೇಹಿತರ ಜತೆ ಜಗಳ ಎಲ್ಲ ಆಗಿತ್ತು. ನಿಮಗೆ 44ಕ್ಕೆ ಬಂದಿಲ್ಲ ಎಂದರೆ ಏನೋ ಕೆಟ್ಟುಹೋಯಿತು ಎಂದಲ್ಲ. ಪಾಠ ನಡೆಯುತ್ತಿದೆ, ಅಷ್ಟೇ.

ಇದೇ ಪತ್ರದ ಎರಡನೇ ಅಧ್ಯಾಯ ನೋಡಿ. ಎಪಫ್ರೊದೀತನಿಗೆ ಕಾಯಿಲೆಯಾಗಿ ಸಾಯುವ ಹಾಗಾಗಿದ್ದ. ಪೌಲ ಅವನನ್ನು ಊರಿಗೆ ವಾಪಸ್ ಕಳಿಸುತ್ತಾನೆ. ಅವನನ್ನು ಕಂಡು ನಿಮಗೆ ಸಂತೋಷವಾಗಲಿ, ನನಗೂ ದುಃಖ ಕಡಿಮೆಯಾಗಲಿ ಎಂದು ಬರೆಯುತ್ತಾನೆ. ಅಂದರೆ ಪೌಲನಿಗೆ ದುಃಖ ಇತ್ತು. ಸಂತುಷ್ಟನಾಗಿದ್ದೇನೆ ಎಂದವನೇ ದುಃಖ ಇದೆ ಎಂದೂ ಹೇಳುತ್ತಾನೆ. ತೃಪ್ತಿ ಎಂದರೆ ಯಾವ ನೋವೂ ತಾಗದ ಸ್ಥಿತಿ ಎಂದು ನಮ್ಮಲ್ಲಿ ಅನೇಕರು ತಿಳಿದುಕೊಂಡಿದ್ದಾರೆ. ನೋವು ತಾಗಿದ ಕೂಡಲೇ ‘ನನಗೆ ತೃಪ್ತಿಯೇ ಇಲ್ಲ’ ಎಂದು ತೀರ್ಮಾನ ಮಾಡಿಬಿಡುತ್ತಾರೆ. ಆ ತೀರ್ಮಾನವೇ ಎರಡನೇ ನೋವಾಗುತ್ತದೆ.

ಮೊದಲನೇ ಅಧ್ಯಾಯದಲ್ಲಿ ನಿಮಗಾಗಿಯೇ ಬರೆದಂತಿರುವ ಭಾಗ ಒಂದಿದೆ. ಪೌಲ ಒಳಗೆ ಬಿದ್ದಿದ್ದಾನೆ. ಹೊರಗೆ ಬೇರೆ ಬೋಧಕರು ಮುಂದೆ ಬಂದಿದ್ದಾರೆ. ಕೆಲವರು ಪ್ರೀತಿಯಿಂದ ಸಾರುತ್ತಾರೆ. ಕೆಲವರು ಹೊಟ್ಟೆಕಿಚ್ಚಿನಿಂದ, ಪೌಲನಿಗೆ ಇನ್ನೂ ನೋವಾಗಲಿ ಎಂದೇ ಸಾರುತ್ತಾರೆ. ಅದಕ್ಕೆ ಪೌಲನ ಮಾತು: ಆದರೇನು? ಹೇಗಾದರೂ ಕ್ರಿಸ್ತನ ಪ್ರಸಿದ್ಧಿ ಆಗುತ್ತಿದೆಯಲ್ಲ, ಅದಕ್ಕೆ ನಾನು ಸಂತೋಷಪಡುತ್ತೇನೆ. ಇದನ್ನು ಓದುವಾಗ ನನಗೆ ಪ್ರತಿ ಸಲ ಆಶ್ಚರ್ಯವಾಗುತ್ತದೆ. ಇದೇ ಪೌಲ ಗಲಾತ್ಯದವರಿಗೆ ಬರೆದಾಗ ಸುವಾರ್ತೆಯನ್ನು ತಿರುಚಿದವರ ಮೇಲೆ ಬೆಂಕಿಯಾಗಿದ್ದ. ಅವನು ಮೆದು ಮನುಷ್ಯ ಅಲ್ಲವೇ ಅಲ್ಲ. ಸತ್ಯಕ್ಕೆ ಕೈ ಹಾಕಿದರೆ ಸಿಟ್ಟು, ತನ್ನ ಹೆಸರಿಗೆ ಕೈ ಹಾಕಿದರೆ ‘ಆದರೇನು?’ ನಮ್ಮ ಕಮಿಟಿ ಮೀಟಿಂಗುಗಳಲ್ಲಿ ಸಿಟ್ಟು ಯಾವುದಕ್ಕೆ ಬರುತ್ತದೆ ಎಂದು ಒಮ್ಮೆ ಯೋಚಿಸಿ.

ಫಿಲಿಪ್ಪಿ ಎಂಥ ಊರು ಎಂದು ಗೊತ್ತಾದರೆ ಈ ಪತ್ರದ ಎರಡನೇ ಅಧ್ಯಾಯ ಇನ್ನೂ ತೀಕ್ಷ್ಣವಾಗಿ ಕೇಳಿಸುತ್ತದೆ. ಅದು ಮಕೆದೋನ್ಯದಲ್ಲಿದ್ದ ರೋಮನ್ ವಸಾಹತು. ಕ್ರಿ.ಪೂ. 42ರ ಯುದ್ಧದ ನಂತರ ನಿವೃತ್ತ ಸೈನಿಕರಿಗೆ ಅಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿದ್ದರು. ಪದವಿ, ಗೌರವ ಎಂದರೆ ಆ ಊರಿಗೆ ಪ್ರಾಣ. ಅಲ್ಲಿ ಸಿಕ್ಕಿರುವ ಕಲ್ಲಿನ ಶಾಸನಗಳಲ್ಲಿ ಜನ ತಾವು ಹಿಡಿದ ಹುದ್ದೆ, ಪಡೆದ ಮಾನಗಳನ್ನು ಸಾಲಾಗಿ ಕೊರೆಸಿದ್ದಾರೆ. ನಮ್ಮ ದೇವಾಲಯಗಳ ಗೋಡೆ ಮೇಲಿನ ಅಮೃತಶಿಲೆಯ ಫಲಕಗಳು, ಬೆಂಚಿನ ಬೆನ್ನಿಗೆ, ಫ್ಯಾನಿನ ರೆಕ್ಕೆಗೆ ಬರೆಸಿದ ದಾನಿಗಳ ಹೆಸರುಗಳು ನೆನಪಾಗುತ್ತವೆ. ಅಂಥ ಊರಿನ ಸಭೆಗೆ ಪೌಲ ಕ್ರಿಸ್ತನ ಕಥೆಯನ್ನು ಇಳಿಯುತ್ತಾ ಹೋಗುವ ಕ್ರಮದಲ್ಲಿ ಬರೆಯುತ್ತಾನೆ. ದೇವಸ್ವರೂಪನಾಗಿದ್ದವನು ತನ್ನನ್ನು ಬರಿದು ಮಾಡಿಕೊಂಡ. ದಾಸನ ರೂಪ ತಳೆದ. ಮರಣಕ್ಕೆ ಇಳಿದ, ಅದೂ ಶಿಲುಬೆಯ ಮರಣಕ್ಕೆ. ರೋಮನ್ ಪ್ರಜೆಗೆ ಆ ಮಾತು ಊಟದ ಹೊತ್ತಿನಲ್ಲಿ ಎತ್ತಬಾರದಷ್ಟು ಹೇಯ. ಮೂರನೇ ಅಧ್ಯಾಯದಲ್ಲಿ ಪೌಲ ತನ್ನದೇ ಫಲಕವನ್ನು ಓದುತ್ತಾನೆ: ಇಸ್ರಾಯೇಲ್ ವಂಶ, ಬೆನ್ಯಾಮೀನನ ಕುಲ, ಫರಿಸಾಯ, ಧರ್ಮಶಾಸ್ತ್ರದಲ್ಲಿ ನಿರ್ದೋಷಿ. ಓದಿ ಮುಗಿಸಿ, ಕ್ರಿಸ್ತನಿಗಾಗಿ ಇದೆಲ್ಲ ನಷ್ಟ ಎಂದು ಎಣಿಸಿದ್ದೇನೆ ಎನ್ನುತ್ತಾನೆ.

ಅಂದ ಮಾತ್ರಕ್ಕೆ ನಿಮ್ಮ ಸಭೆ ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಕೆಲಸ ಮಾಡಿದವರಿಗೆ ಕೃತಜ್ಞತೆ ಹೇಳುವುದು ಸಭೆಯ ಕರ್ತವ್ಯ. ಪೌಲ ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಹೆಸರು ಹೆಸರು ಹಿಡಿದು ವಂದನೆ ಹೇಳುತ್ತಾನೆ. ಫೊಯಿಬೆ ಇಂಥ ಕೆಲಸ ಮಾಡಿದಳು, ಮರಿಯಳು ನಿಮಗಾಗಿ ಬಹಳ ದುಡಿದಳು ಎಂದು. ದುಡ್ಡು ಕೊಟ್ಟವರಿಗೆ ಶಾಲು, ಪ್ರತಿ ಭಾನುವಾರ ಮಕ್ಕಳ ಮುಂದೆ ನಿಲ್ಲುವವರಿಗೆ ಒಂದೇ ಸಾಲು ಎಂದರೆ ಅದು ಸಭೆಯ ದೌರ್ಬಲ್ಯ. ಯಾಕೋಬನ ಪತ್ರದ ಎರಡನೇ ಅಧ್ಯಾಯ ಅದನ್ನೇ ಬೈಯುತ್ತದೆ. ಚಿನ್ನದ ಉಂಗುರದವನಿಗೆ ಒಳ್ಳೆಯ ಕುರ್ಚಿ, ಬಡವನಿಗೆ ‘ಅಲ್ಲಿ ನಿಂತುಕೋ’. ಈ ವಿಷಯವನ್ನು ಬೇರೆಯವರ ಪರವಾಗಿ ನೀವು ಕಮಿಟಿಯಲ್ಲಿ ಎತ್ತಿ. ಸ್ತ್ರೀಯರ ಸಂಘದಲ್ಲಿ ಪಾತ್ರೆ ತೊಳೆಯುವವರ, ಗುಡಿಸುವವರ ಹೆಸರು ವರದಿಯಲ್ಲಿ ಬರಲಿ ಎಂದು ಕೇಳಿ. ನಿಮ್ಮ ಹೆಸರಿನ ಬಗ್ಗೆ ಮಾತ್ರ ಸುಮ್ಮನಿರಿ.

ದೀನತೆಯ ಬಗ್ಗೆ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿದೆ. ತನ್ನನ್ನು ತಾನು ತೆಗಳಿಕೊಳ್ಳುವುದು, ‘ನಾನೇನೂ ಅಲ್ಲ ಅಯ್ಯಾ’ ಎನ್ನುವುದು, ಕೊನೆಯ ಬೆಂಚಿನಲ್ಲಿ ಕೂರುವುದು, ಇದನ್ನೇ ದೀನತೆ ಎಂದುಕೊಂಡಿದ್ದೇವೆ. ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆಯುತ್ತಾನೆ. ಪವಿತ್ರ ಗುರುವಾರ ಈ ಭಾಗ ಓದುತ್ತೇವೆ. ಆದರೆ ಮೂರನೇ ವಚನವನ್ನು ಹಾಗೇ ದಾಟಿಬಿಡುತ್ತೇವೆ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರ ಕಡೆಯಿಂದ ಬಂದವನು, ದೇವರ ಕಡೆಗೇ ಹೋಗುವವನು ಎಂದು ತಿಳಿದವನಾಗಿ ಯೇಸು ಊಟದಿಂದ ಎದ್ದ ಎಂದು ಯೋಹಾನ ಬರೆಯುತ್ತಾನೆ. ಮೇಲಂಗಿ ತೆಗೆದಿಟ್ಟಿದ್ದು, ಸೊಂಟಕ್ಕೆ ಕೈಪಾವುಡ ಕಟ್ಟಿಕೊಂಡಿದ್ದು ಎಲ್ಲ ಆಮೇಲೆ. ತಾನು ಯಾರು ಎಂಬುದು ಗಟ್ಟಿಯಾಗಿ ಗೊತ್ತಿತ್ತು. ಅದಕ್ಕೇ ಬಗ್ಗಲು ಆಯಿತು. ತಾನು ಯಾರು ಎಂದು ಗೊತ್ತಿಲ್ಲದವನು ಬಗ್ಗಿದರೂ ಕಣ್ಣು ಮೇಲೆತ್ತಿ, ಯಾರು ನೋಡುತ್ತಿದ್ದಾರೆ ಎಂದು ಹುಡುಕುತ್ತಿರುತ್ತಾನೆ. ಯೇಸು ತೊಳೆದ ಕಾಲುಗಳಲ್ಲಿ ತನ್ನನ್ನು ಹಿಡಿದುಕೊಡಲಿದ್ದ ಯೂದನ ಕಾಲೂ ಇತ್ತು. ಅವನಿಂದ ಕೃತಜ್ಞತೆ ಬರುವುದಿಲ್ಲ ಎಂದು ಯೇಸುವಿಗೆ ಗೊತ್ತಿತ್ತು.

ಅಲ್ಲೇ ಶಿಷ್ಯ ಪೇತ್ರನ ಮಾತೂ ಇದೆ. ನೀನು ನನ್ನ ಕಾಲು ಎಂದಿಗೂ ತೊಳೆಯಕೂಡದು ಎನ್ನುತ್ತಾನೆ. ಕೇಳಲು ದೀನತೆ. ಆದರೆ ಯೇಸು ಒಪ್ಪುವುದಿಲ್ಲ. ತೊಳೆಸಿಕೊಳ್ಳದಿದ್ದರೆ ನನ್ನ ಜತೆ ನಿನಗೆ ಪಾಲಿಲ್ಲ ಎನ್ನುತ್ತಾನೆ. ನಿಮ್ಮ ಪತ್ರದಲ್ಲಿ ನೀವು ಬೇರೆಯವರಿಗೆ ಮಾಡಿದ್ದರ ಪಟ್ಟಿ ಉದ್ದ ಇದೆ. ಬೇರೆಯವರು ನಿಮಗೆ ಮಾಡಿದ್ದು ಒಂದೂ ಇಲ್ಲ. ಯಾರೂ ಮಾಡಲಿಲ್ಲವೋ, ನೀವು ಬಿಡಲಿಲ್ಲವೋ? ಸುಗ್ಗಿ ಹಬ್ಬದ ದಿನ ಯಾರಾದರೂ ‘ನೀವು ಕೂತ್ಕೊಳ್ಳಿ, ನಾವು ಬಡಿಸ್ತೀವಿ’ ಎಂದರೆ ಕೂರುತ್ತೀರಾ? ಸೇವೆ ಮಾಡುವವರಿಗೆ ಸೇವೆ ತೆಗೆದುಕೊಳ್ಳುವುದು ಬಹಳ ಕಷ್ಟ. ಕೊಡುವ ಕೈ ಯಾವಾಗಲೂ ಮೇಲಿರುತ್ತದೆ, ಅಲ್ವಾ? ಪೌಲ ಫಿಲಿಪ್ಪಿಯವರ ಹಣ ತೆಗೆದುಕೊಂಡ. ಬೇರೆ ಯಾವ ಸಭೆಯೂ ನನ್ನ ಜತೆ ಹೀಗೆ ಕೊಡುಕೊಳ್ಳುವಿಕೆ ಮಾಡಲಿಲ್ಲ, ನೀವೊಬ್ಬರೇ ಎಂದು ಬಾಯಿಬಿಟ್ಟು ಹೇಳಿದ. ಕಲಿತ ತೃಪ್ತಿಯಲ್ಲಿ ಈ ಪಾಠವೂ ಸೇರಿತ್ತು.

ಈಗ ಒಬ್ಬ ಅಡುಗೆಯವನ ವಿಷಯ ಹೇಳಬೇಕು. ನಿಮ್ಮಂಥವರಿಗೆ ಸಾಧು ಸಂತರ ಎತ್ತರದ ಕಥೆಗಳಿಗಿಂತ ಇವನು ಹತ್ತಿರವಾಗುತ್ತಾನೆ.

ಹೆಸರು ನಿಕೋಲಾ ಹೆರ್ಮಾ. ಸುಮಾರು 1614ರಲ್ಲಿ, ಈಗಿನ ಫ್ರಾನ್ಸಿಗೆ ಸೇರಿದ ಲೊರೇನ್ ಪ್ರಾಂತ್ಯದಲ್ಲಿ ಬಡವರ ಮನೆಯಲ್ಲಿ ಹುಟ್ಟಿದ. ಸೈನ್ಯ ಸೇರಿದ. ಯುರೋಪಿನಲ್ಲಿ ನಡೆದ ‘ಮೂವತ್ತು ವರ್ಷದ ಯುದ್ಧ’ದಲ್ಲಿ ಕಾಲಿಗೆ ಏಟು ಬಿದ್ದು ಸಾಯುವವರೆಗೂ ಕುಂಟುತ್ತಿದ್ದ. ಆಮೇಲೆ ಒಬ್ಬ ದೊಡ್ಡ ಅಧಿಕಾರಿಯ ಮನೆಯಲ್ಲಿ ಆಳಾಗಿದ್ದ. ಕೈಗೆ ಸಿಕ್ಕಿದ್ದೆಲ್ಲ ಒಡೆಯುತ್ತಿದ್ದೆ ಎಂದು ಅವನೇ ಹೇಳಿಕೊಂಡಿದ್ದಾನೆ. 1640ರಲ್ಲಿ ಪ್ಯಾರಿಸ್‌ನ ಕಾರ್ಮೆಲ್ ಮಠ ಸೇರಿದ. ಅಲ್ಲಿ ಅವನು ಗುರುವಲ್ಲ. ಕೆಲಸ ಮಾಡುವ ಸಹೋದರ. ಹೆಸರು ಬ್ರದರ್ ಲಾರೆನ್ಸ್ ಎಂದಾಯಿತು. ಕೆಲಸ ಅಡುಗೆಮನೆಯಲ್ಲಿ, ಅದೂ ಅವನಿಗೆ ಸ್ವಭಾವತಃ ಇಷ್ಟವಿಲ್ಲದ್ದು. ಅಲ್ಲೇ ವರ್ಷಗಟ್ಟಲೆ ಇದ್ದ. ವಯಸ್ಸಾದ ಮೇಲೆ ಮಠದವರಿಗೆ ಚಪ್ಪಲಿ ಹೊಲಿದುಕೊಡುವ ಕೆಲಸ. ಮಠಕ್ಕೆ ದ್ರಾಕ್ಷಾರಸ ಖರೀದಿಗೆ ದೂರದ ಊರಿಗೂ ಕಳಿಸುತ್ತಿದ್ದರು. ಕಾಲು ಸರಿಯಿಲ್ಲದ ಕಾರಣ ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಅತ್ತಿತ್ತ ಹೋಗಬೇಕಿತ್ತು. 1691ರ ಫೆಬ್ರುವರಿಯಲ್ಲಿ ತೀರಿಕೊಂಡ. ಅವನು ಪುಸ್ತಕ ಬರೆಯಲಿಲ್ಲ. ಕೆಲವು ಪತ್ರಗಳು, ಒಬ್ಬ ಪಾದ್ರಿ ಬರೆದಿಟ್ಟ ಅವನ ಮಾತುಕತೆಗಳು, ಅಷ್ಟೇ ಉಳಿದಿದ್ದು.

ಜನ ಇವನನ್ನು ‘ಪಾತ್ರೆಗಳ ನಡುವೆ ದೇವರನ್ನು ಕಂಡವನು’ ಎಂದು ನೆನೆಯುತ್ತಾರೆ. ಅದು ನಿಜ. ಒಲೆಯ ಮುಂದಿನ ಹೊತ್ತಿಗೂ ಪ್ರಾರ್ಥನೆಯ ಹೊತ್ತಿಗೂ ಅವನಿಗೆ ವ್ಯತ್ಯಾಸ ಉಳಿಯಲಿಲ್ಲ. ನೆಲದ ಮೇಲಿನ ಒಂದು ಹುಲ್ಲುಕಡ್ಡಿಯನ್ನು ಎತ್ತುವುದನ್ನೂ ದೇವರ ಪ್ರೀತಿಗಾಗಿ ಮಾಡುವ ಅಭ್ಯಾಸ ಮಾಡಿಕೊಂಡ. ಆದರೆ ನಾನು ನಿಮಗೆ ಹೇಳಬೇಕೆಂದಿರುವುದು ಅದಕ್ಕಿಂತ ಹಿಂದಿನ ಕಥೆ. ಮಠ ಸೇರಿದ ಮೊದಲ ಹತ್ತು ವರ್ಷ ಅವನು ಒಳಗೊಳಗೇ ಬಹಳ ಕಷ್ಟಪಟ್ಟ. ದೇವರಿಗೆ ಸೇರಬೇಕಾದಷ್ಟು ಸೇರಲಿಲ್ಲ ಎಂಬ ಹೆದರಿಕೆ, ಹಳೆಯ ಪಾಪಗಳ ನೆನಪು, ಮತ್ತೆ ಮತ್ತೆ ಬೀಳುವುದು, ಏಳುವುದು. ಹತ್ತು ವರ್ಷ! ಹೊರಗಿನಿಂದ ನೋಡಿದರೆ ಸರಳತೆಯೂ ಇತ್ತು, ಸೇವೆಯೂ ಇತ್ತು, ಮಠದ ಬಟ್ಟೆಯೂ ಇತ್ತು. ಸಮಾಧಾನ ಇರಲಿಲ್ಲ. ಕೊನೆಗೆ, ಬದುಕೆಲ್ಲ ಹೀಗೇ ಕಳವಳದಲ್ಲೇ ಹೋದರೂ ಹೋಗಲಿ, ನಾನಂತೂ ದೇವರನ್ನು ಪ್ರೀತಿಸುವುದು ಬಿಡುವುದಿಲ್ಲ ಎಂದು ತೀರ್ಮಾನಿಸಿದ. ಆಗ ಇದ್ದಕ್ಕಿದ್ದ ಹಾಗೆ ಸಮಾಧಾನ ಬಂತು ಎಂದು ಅವನೇ ಬರೆದಿದ್ದಾನೆ. ತನಗೆ ಬರಬೇಕಾದ್ದನ್ನು ಕೇಳುವುದು ನಿಂತ ಮೇಲೆ ಬಂತು.

ನಿಮ್ಮ ನಾಚಿಕೆಯ ವಿಷಯಕ್ಕೂ ಇವನ ಹತ್ತಿರ ಮದ್ದಿದೆ. ತಪ್ಪು ಮಾಡಿದಾಗ ಲಾರೆನ್ಸ್ ಬಹಳ ಹೊತ್ತು ಕೊರಗುತ್ತಿರಲಿಲ್ಲ. ದೇವರೇ, ನೀನು ನನ್ನನ್ನು ನನ್ನಷ್ಟಕ್ಕೆ ಬಿಟ್ಟರೆ ನಾನು ಮಾಡುವುದೇ ಹೀಗೆ, ಬೀಳದ ಹಾಗೆ ತಡೆಯುವವನು ನೀನೇ, ಎಂದು ಹೇಳಿ ಕೆಲಸಕ್ಕೆ ಹಿಂತಿರುಗುತ್ತಿದ್ದ. ಆಮೇಲೆ ಅದರ ಚಿಂತೆ ಇಲ್ಲ. ನಾವು ಇದರ ತಿರುಗಾಮುರುಗಾ. ಹೊಟ್ಟೆಕಿಚ್ಚು ಒಂದು ನಿಮಿಷದ್ದು. ‘ನನ್ನಂಥವನಿಗೆ ಹೊಟ್ಟೆಕಿಚ್ಚೇ?’ ಎಂಬ ಕೊರಗು ವಾರಗಟ್ಟಲೆಯದು. ಆ ‘ನನ್ನಂಥವನು’ ಎಂಬುದನ್ನು ಗಮನಿಸಿ. ಅಲ್ಲಿ ಇನ್ನೂ ಒಂದು ಫಲಕ ಇದೆ. ಮನುಷ್ಯನಿಗೆ ಹೊಟ್ಟೆಕಿಚ್ಚು ಬರುತ್ತದೆ, ನಿಮಗೂ ಬಂತು. ಕೆನಡಾದ ಸ್ನೇಹಿತನ ಹೆಸರು ಹೇಳಿ ‘ಅವನನ್ನು ಕಂಡು ಹೊಟ್ಟೆ ಉರಿಯಿತು ಕರ್ತನೇ, ಅವನನ್ನು ಆಶೀರ್ವದಿಸು’ ಎಂದು ಒಂದೇ ಸಾಲಿನ ಪ್ರಾರ್ಥನೆ ಮಾಡಿ. ಅಲಂಕಾರ ಬೇಡ. ಆಮೇಲೆ ಎದ್ದು ಮನೆಕೆಲಸ ನೋಡಿ.

ಸರಳತೆಯ ಬಗ್ಗೆ ನಿಮ್ಮನ್ನು ಒಂದು ಕಷ್ಟದ ಪ್ರಶ್ನೆ ಕೇಳಲೇಬೇಕು. ಕಾರು ಬೇಡ, ದೊಡ್ಡ ಮನೆ ಬೇಡ ಎಂದು ಬರೆದಿದ್ದೀರಿ. ‘ಬೇಡ ಅಂದೆವು’ ಎಂದಿಲ್ಲ, ‘ಬೇಡ ಅಂದೆ’ ಎಂದಿದೆ. ಮನೆಯವರನ್ನು ಕೇಳಿದ್ದಿರಾ? ಮಳೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಸ್ಸಿಗೆ ಕಾಯುವವರು ಯಾರು? ಒಬ್ಬರು ಆರಿಸಿಕೊಂಡ ಸರಳತೆಯ ಭಾರ ಇನ್ನೊಬ್ಬರ ಬೆನ್ನಿನ ಮೇಲೆ ಬೀಳಬಾರದು. ಸ್ನಾನಿಕ ಯೋಹಾನನ ಬೋಧನೆ ಎಷ್ಟು ಸ್ಪಷ್ಟ ನೋಡಿ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಸೈನಿಕರಿಗೆ, ಯಾರನ್ನೂ ಹೆದರಿಸಿ ಹಣ ಕೀಳಬೇಡಿ, ನಿಮಗೆ ಬರುವ ಸಂಬಳದಲ್ಲೇ ತೃಪ್ತರಾಗಿರಿ ಎನ್ನುತ್ತಾನೆ. ಅಲ್ಲಿ ತೃಪ್ತಿ ಎಂದರೆ ಬಡವನ ಜೇಬಿಗೆ ಕೈ ಹಾಕದಿರುವುದು. ತಾನು ಎಷ್ಟು ಸರಳ ಎಂದು ಅಳೆದು ನೋಡುವ ಮಾತೇ ಅಲ್ಲಿಲ್ಲ. ಕಾರು ತೆಗೆದುಕೊಂಡು ಭಾನುವಾರ ಬೆಳಿಗ್ಗೆ ಓಡಾಡಲಾರದ ಇಬ್ಬರು ಅಜ್ಜಿಯರನ್ನು ದೇವಾಲಯಕ್ಕೆ ಕರೆತಂದರೆ ಅದೂ ಸರಳ ಬದುಕೇ. ಕಾರಿಲ್ಲದಿರುವುದೇ ಒಂದು ಪದಕ ಆಗಿಬಿಟ್ಟರೆ ಅದು ಕಾರಿಗಿಂತ ಭಾರ.

ಇನ್ನೊಂದು ಮಾತನ್ನೂ ಸೇರಿಸುತ್ತೇನೆ, ಇದು ಸಭೆಗಳಲ್ಲಿ ದುರುಪಯೋಗ ಆಗುವುದನ್ನು ನೋಡಿ ನನಗೆ ಸಿಟ್ಟು ಬರುತ್ತದೆ. ತೃಪ್ತಿಯ ಬೋಧನೆ ನಮ್ಮ ನಮ್ಮ ಎದೆಗೆ ಹೇಳಿಕೊಳ್ಳುವುದಕ್ಕೆ. ಸಂಬಳ ಸಾಲದ ಆಯಾಗೆ, ದೇವಾಲಯದ ಕಾವಲಿನವನಿಗೆ, ಗಂಡನ ಹೊಡೆತ ತಿನ್ನುವ ಹೆಂಗಸಿಗೆ ‘ಇದ್ದದ್ದರಲ್ಲಿ ತೃಪ್ತಿಯಿಂದಿರು’ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಕೊಯ್ದವರ ತಡೆಹಿಡಿದ ಕೂಲಿ ಕೂಗುತ್ತಿದೆ ಎಂದು ಯಾಕೋಬ ಬರೆದಿದ್ದಾನೆ. ಆ ಕೂಗನ್ನು ಮುಚ್ಚಲು ಪೌಲನ ವಚನ ಬಳಸುವುದು ಪಾಪ.

ಸೇವೆಯ ವಿಷಯಕ್ಕೆ ಬಂದರೆ, ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. 1878ರ ಕೊನೆಗೆ ಮಂಗಳೂರಿಗೆ ಬಂದ ಯೇಸುಸಭೆಯ (ಜೆಸ್ವಿಟ್) ಪಾದ್ರಿಗಳಲ್ಲಿ ಜರ್ಮನಿಯ ಅಗಸ್ಟಸ್ ಮುಲ್ಲರ್ ಒಬ್ಬರು. ಸೇಂಟ್ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಹೋಮಿಯೋಪಥಿ ತಿಳಿದಿತ್ತು, ಕೇಳಿದವರಿಗೆ ಮದ್ದು ಕೊಡುತ್ತಿದ್ದರು. 1880ರಲ್ಲಿ ಅದು ಕಂಕನಾಡಿಯಲ್ಲಿ ಬಡವರ ಔಷಧಾಲಯವಾಯಿತು. ಬಂದವರಲ್ಲಿ ಕುಷ್ಠರೋಗಿಗಳೂ ಇದ್ದರು. ಅವರಿಗೆ ಹೋಗಲು ಬೇರೆ ಜಾಗ ಇರಲಿಲ್ಲ. 1890ರಲ್ಲಿ ಅವರಿಗಾಗಿ ಆಸ್ಪತ್ರೆ. ಇವತ್ತು ಅಲ್ಲಿ ಮೆಡಿಕಲ್ ಕಾಲೇಜು ನಿಂತಿದೆ. ಶುರುವಾಗಿದ್ದು ಮಾತ್ರ ಎದುರಿಗೆ ನಿಂತ ಒಬ್ಬ ರೋಗಿಯಿಂದ. ನೀವು ಮಾಡುವ ಕೆಲಸದ ಪಟ್ಟಿಯಲ್ಲಿ ಏಲಂ, ಊಟದ ವ್ಯವಸ್ಥೆ, ಕಮಿಟಿ ಎಲ್ಲ ಇದೆ. ಆದರೆ ಒಬ್ಬ ಮನುಷ್ಯನ ಮುಖ ಎಲ್ಲೂ ಇಲ್ಲ. ಸಂಡೇ ಸ್ಕೂಲಿನ ಒಂದು ಮಗುವಿನ ಹೆಸರನ್ನೂ ನೀವು ಬರೆದಿಲ್ಲ. ಕಾರ್ಯಕ್ರಮ ನಡೆಸುವವರು ಬೇಗ ಒಣಗುತ್ತಾರೆ. ಒಬ್ಬರ ಪಕ್ಕ ಕೂರುವವರು ದಣಿಯುತ್ತಾರೆ, ಆದರೆ ಒಣಗುವುದು ಕಡಿಮೆ. ಇದು ನಾನು ಕಂಡ ಮಾತು.

ಬೇಥಾನ್ಯದ ಮಾರ್ಥಳ ಬಗ್ಗೆಯೂ ಹೇಳಿಬಿಡುತ್ತೇನೆ. ಲೂಕನಲ್ಲಿ ಅವಳು ಯೇಸುವಿಗೇ ದೂರು ಹೇಳುತ್ತಾಳೆ. ನನ್ನ ತಂಗಿ ನನ್ನೊಬ್ಬಳನ್ನೇ ಕೆಲಸಕ್ಕೆ ಬಿಟ್ಟಿದ್ದಾಳೆ, ನಿನಗೆ ಚಿಂತೆ ಇಲ್ಲವೇ ಎಂದು. ನಾವು ಅವಳನ್ನು ಅಲ್ಲೇ ನಿಲ್ಲಿಸಿಬಿಟ್ಟಿದ್ದೇವೆ. ಯೋಹಾನನ 12ನೇ ಅಧ್ಯಾಯದಲ್ಲಿ ಅದೇ ಊರಿನಲ್ಲಿ ಮತ್ತೊಂದು ಊಟ. ಅವರ ಸಹೋದರ ಲಾಜರ ಊಟಕ್ಕೆ ಕೂತಿದ್ದಾನೆ. ಆ ತಂಗಿ ಮರಿಯಳು ಯೇಸುವಿನ ಪಾದಕ್ಕೆ ಬೆಲೆಬಾಳುವ ತೈಲ ಸುರಿಯುತ್ತಾಳೆ, ಎಲ್ಲರ ಕಣ್ಣೂ ಅವಳ ಮೇಲೆ. ಮಾರ್ಥಳ ಬಗ್ಗೆ ಇರುವುದು ಇಷ್ಟೇ: ಅವಳು ಉಪಚಾರ ಮಾಡುತ್ತಿದ್ದಳು. ಈ ಸಲ ದೂರು ಇಲ್ಲ. ಕೆಲಸ ಬದಲಾಗಲಿಲ್ಲ. ಅವಳಿಗೂ ವರದಿಯಲ್ಲಿ ಒಂದೇ ಸಾಲು.

ಹಾಗಾದರೆ ನೀವು ಏನು ಮಾಡಬೇಕು? ಎಲ್ಲ ಬಿಡಬೇಡಿ. ಎಲ್ಲವನ್ನೂ ಹಿಡಿದುಕೊಂಡೂ ಇರಬೇಡಿ. ಸುಗ್ಗಿ ಹಬ್ಬದ ಹೊಣೆಯನ್ನು ಈ ವರ್ಷ ಯುವಕ ಸಂಘಕ್ಕೆ ಕೊಡಿ. ಅವರು ತಪ್ಪು ಮಾಡುತ್ತಾರೆ. ಮಾಡಲಿ, ತಿದ್ದಲು ಓಡಬೇಡಿ. ನಿಮ್ಮ ಪಾಲಿಗೆ ಎಲೆ ಎತ್ತುವ ಕೆಲಸ ಸಿಕ್ಕರೆ ಅದನ್ನೇ ಮಾಡಿ. ಸಂಡೇ ಸ್ಕೂಲ್ ಇಟ್ಟುಕೊಳ್ಳಿ. ಅಲ್ಲಿ ಒಂದು ಮಗುವಿನ ಮನೆಗೆ, ಯಾರೂ ಹೋಗದ ಮನೆಗೆ, ತಿಂಗಳಿಗೊಮ್ಮೆಯಾದರೂ ಹೋಗಿ ಬನ್ನಿ. ಅದನ್ನು ಕಮಿಟಿಯಲ್ಲಿ ಹೇಳಬೇಡಿ, ಸ್ಟೇಟಸ್‌ನಲ್ಲಿ ಹಾಕಬೇಡಿ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂದು ಯೇಸು ಹೇಳಿದ್ದು ಇಂಥ ಕೆಲಸಕ್ಕೆ. ಯಾರಿಗೂ ಗೊತ್ತಿಲ್ಲದ ಒಂದು ಸೇವೆಯಾದರೂ ಬದುಕಿನಲ್ಲಿ ಇದ್ದರೆ, ಗೊತ್ತಾಗುವ ಸೇವೆಗಳಲ್ಲಿ ಹೆಸರು ಬಿಟ್ಟುಹೋದಾಗ ಅಷ್ಟು ನೋಯುವುದಿಲ್ಲ. ಹೆಂಡತಿಯ ಜತೆ ಕೂತು ಮನೆ ಖರ್ಚಿನ ಬಗ್ಗೆ ಮಾತಾಡಿ. ಅವರು ಹೇಳುವುದನ್ನು ಪೂರ್ತಿ ಕೇಳಿ. ಯಾರಾದರೂ ಸಹಾಯಕ್ಕೆ ಬಂದರೆ ‘ಬೇಡ’ ಎನ್ನುವ ಮೊದಲು ಒಂದು ಉಸಿರು ತಡೆದುಕೊಳ್ಳಿ.

ದೇಹದ ಮಾತು ಒಂದಿದೆ. ವಾರಗಟ್ಟಲೆ ಕೊರೆಯಿತು ಎಂದು ಬರೆದಿದ್ದೀರಿ. ಜತೆಗೆ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ವೈದ್ಯರನ್ನು ಕಾಣಿರಿ. ಖಿನ್ನತೆಯನ್ನು ಅತೃಪ್ತಿ ಎಂದೋ, ವಿಶ್ವಾಸದ ಕೊರತೆ ಎಂದೋ ತಪ್ಪಾಗಿ ತಿಳಿದು ಒದ್ದಾಡುವವರು ಸಭೆಗಳಲ್ಲಿ ಇದ್ದಾರೆ. ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು ‘ಸಾಕು ಕರ್ತನೇ, ಪ್ರಾಣ ತೆಗೆದುಕೋ’ ಎಂದಾಗ ದೇವರು ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟ. ದೇವದೂತನ ಕೈಯಲ್ಲಿ ರೊಟ್ಟಿ, ನೀರು ಕಳಿಸಿದ. ಮತ್ತೆ ಮಲಗಲು ಬಿಟ್ಟ. ಮತ್ತೆ ಊಟ. ಹೋರೇಬಿನ ಬೆಟ್ಟದಲ್ಲಿ ದೇವರ ಮೆಲುದನಿ ಕೇಳಿಸಿದ್ದೆಲ್ಲ ಅದಾದ ಮೇಲೆ.

ಕಮಿಟಿಯ ವಿಷಯ ಉಳಿಯಿತು. ಮುಂದಿನ ಚುನಾವಣೆಗೆ ನೀವು ನಿಲ್ಲದಿರುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಸಿಟ್ಟಿನಿಂದ ರಾಜೀನಾಮೆ ಬೇಡ. ಅವಧಿ ಮುಗಿಯುವವರೆಗೆ ಕೆಲಸ ಮಾಡಿ, ಲೆಕ್ಕಪತ್ರ ಸರಿಯಾಗಿ ಒಪ್ಪಿಸಿ, ಒಂದು ಅವಧಿ ಹೊರಗಿರಿ. ಯಾಕೆ ಎಂದು ಕೇಳಿದವರಿಗೆ ‘ಸ್ವಲ್ಪ ಬಿಡುವು ಬೇಕು’ ಎಂದರೆ ಸಾಕು. ಆ ಭಾನುವಾರಗಳಲ್ಲಿ ಆರಾಧನೆ ಮುಗಿದ ಮೇಲೆ ಮೀಟಿಂಗ್ ಇರುವುದಿಲ್ಲ. ಮನೆಯವರ ಜತೆ ನೇರ ಮನೆಗೆ ಹೋಗಿ ಊಟ ಮಾಡಿ.